ಏಕತಾರಿಯಿಂದ ಗಿಟಾರಿಗೆ

ಮಾಳಿಗೆ ಎಂದೊಡನೆ ಬೆಂಗಳೂರು, ಮೈಸೂರುಗಳ ಓದುಗರ ಕಣ್ಣ ಮುಂದೆ ನಿಲ್ಲುವುದು ಮಹಡಿ. ಯಾದಗಿರಿ, ಶಹಾಪುರ, ಸುರಪುರಗಳ ಕಡೆಯವರಿಗೆ ಹಾಗಲ್ಲ. ಅಲ್ಲಿಯ ಹಳೆಯ ಮನೆಗಳಿಗೆ ಹೆಂಚಿಲ್ಲ. ಕಲ್ಲಿನ ಗೋಡೆ, ಮರದ ತೊಲೆ, ಜಂತಿ, ಅವುಗಳ ಮೇಲೆ ಹರವಿ ಗಟ್ಟಿಸಿದ ಮಣ್ಣು. ಇದೇ ಅವರ ಮಾಳಿಗೆ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ಸರಿಪಡಿಸದಿದ್ದರೆ ಮೊದಲ ದೊಡ್ಡ ಮಳೆಗೇ ಸೋರತೊಡಗುತ್ತದೆ. ಸೋರುವ ಮಾಳಿಗೆ ಆ ಸೀಮೆಯಲ್ಲಿ ಕವಿಯ ಅಲಂಕಾರವಲ್ಲ, ಮನೆವಾರ್ತೆಯ ಮಾತು.

ಶಿಶುನಾಳದ ಸಂತ ಶರೀಫರು (1819–1889) ಈ ಮಾಳಿಗೆಯನ್ನೇ ಹಿಡಿದು ಅಜ್ಞಾನದ ಕಥೆ ಹೇಳಿದರು. ಶರೀಫರ ಊರು ಈಗಿನ ಹಾವೇರಿ ಜಿಲ್ಲೆಯದು, ಯಾದಗಿರಿಗೆ ದೂರ. ಆದರೆ ಅವರ ಪದಗಳಿಗೆ ಜಿಲ್ಲೆಯ ಗಡಿ ಯಾವಾಗ ಅಡ್ಡಬಂದಿತ್ತು? ಅವು ಬಾಯಿಂದ ಬಾಯಿಗೆ, ಮಠದಿಂದ ಮಠಕ್ಕೆ, ಮೊಹರಮ್ಮಿನ ರಿವಾಯತಿನಿಂದ ಅಮಾವಾಸ್ಯೆಯ ಭಜನೆಗೆ ನಡೆದುಹೋದಂಥವು. ಅಂಥ ಪದವೊಂದು 2008ರಲ್ಲಿ ಯಾರೂ ನಿರೀಕ್ಷಿಸದ ಕಡೆ ಕೇಳಿಬಂದಿತು: ಪಾಪ್ ವಾದ್ಯವೃಂದವೊಂದರ ಚೊಚ್ಚಲ ಆಲ್ಬಮ್ಮಿನಲ್ಲಿ.

ಆ ವಾದ್ಯವೃಂದದ ಹೆಸರು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ಆಲ್ಬಮ್ಮಿನ ಹೆಸರೂ ಅದೇ. ಅದರ ನಾಯಕರಾದ ಶ್ರೀ ರಘು ದೀಕ್ಷಿತ್ 1974ರಲ್ಲಿ ನಾಸಿಕದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರರು. ಭರತನಾಟ್ಯವನ್ನು ಕ್ರಮವಾಗಿ ಕಲಿತವರು. ನೃತ್ಯ ಕಲಿಯುವ ಹುಡುಗನೆಂದು ಸಹಪಾಠಿಯೊಬ್ಬ ಹಂಗಿಸಿದ್ದರಿಂದ ಹಠ ತೊಟ್ಟು ಗಿಟಾರು ಕೈಗೆತ್ತಿಕೊಂಡುದಾಗಿ ಅವರೇ ಹೇಳಿಕೊಂಡಿದ್ದಾರೆ. ಮೊದಲು 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಅದು ಮುಗಿದ ಮೇಲೆ ಈ ಹೊಸ ತಂಡ.

ಧ್ವನಿಮುದ್ರಣ ಕಂಪನಿಗಳ ಬಾಗಿಲು ಬೇಗನೆ ತೆರೆಯಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಒಂದೇ ಮುದ್ರಿಕೆಯಲ್ಲಿ. ಜತೆಗೆ ಹತ್ತೊಂಬತ್ತನೆಯ ಶತಮಾನದ ಸಂತನೊಬ್ಬನ ಪದ! ಅಂಗಡಿಯವನು ಇದನ್ನು ಯಾವ ಅರೆಯಲ್ಲಿಟ್ಟು ಮಾರಬೇಕು? ಕೊನೆಗೆ ಕೈಹಿಡಿದವರು ಹಿಂದೀ ಚಿತ್ರರಂಗದ ಜೋಡಿ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. ತಮ್ಮದೇ 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಮುದ್ರೆಯಲ್ಲಿ ಅವರು ಆಲ್ಬಮ್ಮನ್ನು ಹೊರತಂದರು. 'ಹೇ ಭಗವಾನ್', 'ಮೈಸೂರ್ ಸೆ ಆಯೀ' ಮೊದಲಾದ ಹಿಂದೀ ಗೀತೆಗಳ ನಡುವೆ ಶರೀಫರ 'ಗುಡುಗುಡಿಯ ಸೇದಿ ನೋಡೊ', 'ಸೋರುತಿಹುದು ಮನಿಯ ಮಾಳಿಗಿ' ಎರಡೂ ಅದರಲ್ಲಿ ಕುಳಿತವು.

ಕಂಪನಿಗಳು ಹಿಂಜರಿದ ಈ ಭಾಷಾಬೆರಕೆ ಸುರಪುರದ ಕಡೆಯವರಿಗೆ ಹೊಸದೇ? ಸುರಪುರ ತಾಲ್ಲೂಕಿನ ತಿಂಥಣಿ ಕೃಷ್ಣೆಯ ದಂಡೆಯ ಊರು. ಅಲ್ಲಿಯ ಮೌನೇಶ್ವರರ ಗುಡಿಗೆ ಹಿಂದೂಗಳೂ ಮುಸಲ್ಮಾನರೂ ಸಮನಾಗಿ ನಡೆದುಕೊಳ್ಳುತ್ತಾರೆ. ಭಕ್ತರು ಕೂಗುವ ಜಯಘೋಷದಲ್ಲಿ ಓಂಕಾರವೂ ಉಂಟು, ಪೀರನೂ ಉಂಟು. ಅದರ ಭಾಷೆ ಮುಕ್ಕಾಲುಪಾಲು ದಖನಿ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಾಡಿದು. ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗೂ ಕಿವಿಗೆ ಬೀಳುತ್ತಿದ್ದ ಜನರ ಹಾಡು ಒಂದೇ ನುಡಿಯಲ್ಲಿ ನಿಲ್ಲುವುದಾದರೂ ಹೇಗೆ? ನೆರೆಯ ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಂಥವರೂ ಇದ್ದರು. ಶರೀಫರ ಗುರು ಕಳಸದ ಗೋವಿಂದಭಟ್ಟರಾದರೆ, ಜಲಾಲಸಾಹೇಬರ ಗುರು ಮಡಿವಾಳಪ್ಪ. ತತ್ತ್ವಪದದ ಹಾದಿ ಮೊದಲಿನಿಂದಲೂ ಇಂಥದು.

ಇನ್ನು ಧಾಟಿಯ ಮಾತು. ಆಲ್ಬಮ್ಮನ್ನು ಕೇಳಿದ ಕನ್ನಡಿಗರಲ್ಲಿ ಅನೇಕರಿಗೆ ಮೊದಲು ತುಸು ಮುಜುಗರವಾದರೆ ಅದು ಸಹಜವೇ. ಶರೀಫರ ಪದವೆಂದರೆ ಅವರ ಕಿವಿಯಲ್ಲಿ ನಿಂತದ್ದು ಸಿ. ಅಶ್ವಥ್ ಅವರ ಕಂಠ. ಟಿ. ಎಸ್. ನಾಗಾಭರಣರು 1990ರಲ್ಲಿ ತೆರೆಗೆ ತಂದ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಅಶ್ವಥ್ ಕೊಟ್ಟ ಸಂಗೀತ ಮನೆಮನೆಗೂ ಮುಟ್ಟಿತ್ತು. ಆ ಧಾಟಿಯನ್ನು ಬಿಟ್ಟು, ಡ್ರಮ್ಮು ಬಾರಿಸಿ, ಪಿಟೀಲನ್ನು ಓಡಿಸಿ ಹಾಡುವುದೆಂದರೆ? ಆದರೆ ಅಶ್ವಥ್ ಅವರ ಧಾಟಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೆ! 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದ್ ಕವಿಗಳ 'ನಿತ್ಯೋತ್ಸವ'ವನ್ನು ಕ್ಯಾಸೆಟ್ಟಿಗೆ ತಂದಾಗಲೂ ಕನ್ನಡ ಕವಿತೆಗೆ ಅದು ಹೊಸ ಮನೆ. ಶರೀಫರು ತಮ್ಮ ಪದಗಳಿಗೆ ಸ್ವರಲಿಪಿ ಬರೆದಿಟ್ಟು ಹೋದವರಲ್ಲ. ಏಕತಾರಿಯ ಒಂದೇ ತಂತಿ, ದಮ್ಮಡಿ, ತಾಳ, ಇಷ್ಟಿದ್ದರೆ ಸಾಕು. ಊರೂರಿಗೆ ಬೇರೆ ಧಾಟಿ, ಹಾಡುವವನ ಉಸಿರಿಗೆ ತಕ್ಕ ಎಳೆತ. ಹಾಗಿರುವಾಗ ಅಸಲು ಧಾಟಿ ಇದೇ ಎಂದು ಬೊಟ್ಟಿಟ್ಟು ತೋರಿಸುವವರು ಯಾರು? ಧಾಟಿಯ ಮೇಲಣ ಆಕ್ಷೇಪ ನಿಲ್ಲಲಾರದು.

ನಿಲ್ಲುವ ಆಕ್ಷೇಪ ಬೇರೊಂದಿದೆ. ಭಜನೆಯಲ್ಲಿ ತತ್ತ್ವಪದ ನಾಲ್ಕು ನಿಮಿಷಕ್ಕೆ ಮುಗಿಯುವುದಿಲ್ಲ. ಒಬ್ಬ ಎತ್ತಿ ಹಾಡಿದರೆ ಮೇಳದವರು ಹಿಮ್ಮೇಳದಲ್ಲಿ ಮರಳಿ ಹಾಡುತ್ತಾರೆ. ನುಡಿ ಮುಗಿದಲ್ಲಿ ತಾಳ ನಿಲ್ಲಿಸಿ ಅದರ ಒಳಗುಟ್ಟನ್ನು ಬಿಡಿಸುವ ಹಿರಿಯನೂ ಇರುತ್ತಾನೆ. ಗುಡುಗುಡಿಯೆಂದರೆ ಹೊಗೆಬತ್ತಿಯ ಸೇವೆಯಲ್ಲ, ಈ ಶರೀರವೇ ಅದು, ಒಳಗಿನ ವಿಕಾರಗಳನ್ನು ಸುಡುವುದೇ ಸೇದುವಿಕೆ ಎಂದು ಅಲ್ಲಿ ಮಕ್ಕಳಿಗೂ ತಿಳಿಯುತ್ತದೆ. ಬಣ್ಣದ ದೀಪಗಳ ಕೆಳಗೆ ಸಾವಿರಾರು ತರುಣರು ಕುಣಿಯುತ್ತ ಅದೇ ಪದಕ್ಕೆ ದನಿಗೂಡಿಸುವಾಗ ಒಡಪು ಒಡಪಾಗಿಯೇ ಉಳಿದುಬಿಡುವ ಅಪಾಯವುಂಟು. ಮಾಳಿಗೆ ಮಹಡಿಯಾಗುವುದು ಹೀಗೆಯೇ. ಒಂದು ಮಾತನ್ನು ಮಾತ್ರ ಒಪ್ಪಬೇಕು: ದೀಕ್ಷಿತರು ಪದವನ್ನು ನುಂಗಿ ಹಾಡಿದವರಲ್ಲ. ವಾದ್ಯಗಳ ಗದ್ದಲವೆಷ್ಟೇ ಇದ್ದರೂ ಅಕ್ಷರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಸಿನಿಮಾ ಹಾಡುಗಳ ಬಗ್ಗೆ ಇಷ್ಟನ್ನು ಹೇಳುವಂತಿಲ್ಲ.

ಸ್ವಾಗತ ಹೇಗಿತ್ತು? ಚಿತ್ರಗೀತೆಗಳೇ ಮಾರುಕಟ್ಟೆಯನ್ನು ಆಳುವ ದೇಶದಲ್ಲಿ ನಟನಟಿಯರ ಹೆಸರಿಲ್ಲದ ಮುದ್ರಿಕೆಯೊಂದು ಗಮನ ಸೆಳೆದುದೇ ದೊಡ್ಡದು. ಅದರ ಬೆನ್ನಲ್ಲೇ ಕನ್ನಡ ಚಿತ್ರರಂಗವೂ ಕರೆಯಿತು. 'ಸೈಕೋ' ಚಿತ್ರಕ್ಕೆ ದೀಕ್ಷಿತರ ಸಂಗೀತ ಅದೇ 2008ರಲ್ಲಿ ಬಂದಿತು. ನಿಜವಾದ ತಿರುವು 2010ರಲ್ಲಿ, ಲಂಡನ್ನಿನಲ್ಲಿ. ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡರ ಸಂಗೀತ ಕಾರ್ಯಕ್ರಮದಲ್ಲಿ ತಂಡ ಹಾಡಿತು. ಬಣ್ಣಬಣ್ಣದ ಲುಂಗಿ, ದೀಕ್ಷಿತರ ಕಾಲಿಗೆ ಗೆಜ್ಜೆ, ಪಕ್ಕದಲ್ಲಿ ಗೌರವ್ ವಾಜ್ ಅವರ ಬೇಸ್ ಗಿಟಾರು! ಕಾರ್ಯಕ್ರಮ ಪ್ರಸಾರವಾದ ಮೇಲೆ ಬ್ರಿಟನ್ನಿನ ಐಟ್ಯೂನ್ಸ್ ಮಾರಾಟದ ವಿಶ್ವಸಂಗೀತ ಪಟ್ಟಿಯಲ್ಲಿ ಎರಡು ವರ್ಷ ಹಳೆಯದಾದ ಈ ಆಲ್ಬಂ ಮೊದಲ ಸ್ಥಾನಕ್ಕೇರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ತಂಡಕ್ಕೆ ಹೊಸ ಪ್ರತಿಭೆಯ ಪ್ರಶಸ್ತಿಯಿತ್ತಿತು. ಅದೇ ವರ್ಷ ಗ್ಲಾಸ್ಟನ್‌ಬರಿಯ ಮಹೋತ್ಸವದಲ್ಲೂ ಅವರ ಹಾಡಾಯಿತು. ಲಂಡನ್ನು ಒಪ್ಪಿದ ಮೇಲೆ ಬೆಂಗಳೂರು ಎರಡನೆಯ ಸಲ ಕಿವಿಗೊಡುವುದು ನಮ್ಮವರ ಹಳೆಯ ಚಾಳಿ. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಲಂಡನ್ನಿನ ಕಾರ್ಯಕ್ರಮಕ್ಕೆ ಒಂದು ವರ್ಷ ಮೊದಲು, 2009ರ ಡಿಸೆಂಬರಿನಲ್ಲಿ, ಯಾದಗಿರಿ ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಶಹಾಪುರ, ಸುರಪುರಗಳು ಅದಕ್ಕೆ ಸೇರಿದವು. ಅಶ್ವಥ್ ಕಣ್ಮುಚ್ಚಿದ್ದೂ ಅದೇ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನ.

ಶರೀಫರಿಗಾದರೋ ಚಿತ್ರ ಸಿಕ್ಕಿತು, ಕ್ಯಾಸೆಟ್ಟು ಸಿಕ್ಕಿತು, ಗಿಟಾರೂ ಸಿಕ್ಕಿತು. ಕಡಕೋಳದ ಮಡಿವಾಳಪ್ಪನವರನ್ನು ಮೈಸೂರಿನ ಮಧ್ಯಮವರ್ಗದ ಎಷ್ಟು ಮನೆಗಳು ಬಲ್ಲವು? ಅವರ ಪದಗಳು ಇಂದಿಗೂ ಹೆಚ್ಚಾಗಿ ಉಳಿದಿರುವುದು ಹಾಡುವವರ ನೆನಪಿನಲ್ಲಿ. ಪುಸ್ತಕದಲ್ಲಿ ಅಚ್ಚಾದರೆ ನುಡಿ ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ದಮ್ಮಡಿ ಹಿಡಿದ ಕೈ ನಡುಗತೊಡಗಿದ ಹಿರಿಯನ ಎದುರಿಗೆ ಕುಳಿತು ಕಲಿಯುವ ಹುಡುಗ ಬೇಕು. ಅವನು ನಾಳೆ ಅದನ್ನು ಏಕತಾರಿಗೆ ಹಾಡಿಕೊಂಡರೂ ಸರಿ, ಗಿಟಾರಿಗೆ ಕೂಡಿಸಿಕೊಂಡರೂ ಸರಿ. ದೀಕ್ಷಿತರ ತಂಡ 2013ರಲ್ಲಿ 'ಜಗ್ ಚಂಗಾ' ಎಂಬ ಎರಡನೆಯ ಆಲ್ಬಮ್ಮನ್ನು ತಂದಿತು. ಅದರಲ್ಲಿಯೂ ಶರೀಫರ ಪದವೊಂದಿದೆ: 'ಲೋಕದ ಕಾಳಜಿ'.