‘ರೆಗ್ಯುಲರ್ರಾ, ಕರೆಸ್ಪಾಂಡೆನ್ಸಾ?’

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗ ಎಂಬಿಎಗೆ ಸೇರಿದ್ದೇನೆ ಅಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ಉತ್ತರ ಕೇಳುವ ಮೊದಲೇ ತೀರ್ಪೂ ಬಂದಿರುತ್ತದೆ: ‘ಕರೆಸ್ಪಾಂಡೆನ್ಸ್‌ಗೆಲ್ಲ ಎಲ್ಲಪ್ಪಾ ಬೆಲೆ ಅದೆ?’ ಹೆಣ್ಣು ಕೊಡುವವರೂ ಹೀಗೇ ಅನ್ನುತ್ತಾರೆ, ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತದವರೂ ಹೀಗೇ ಅನ್ನುತ್ತಾರೆ.

ಬೆಲೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿಯಲ್ಲೇ ಅದು ಸ್ಪಷ್ಟವಾಗಿದೆ. ಸಾಲದು ಅಂತ 2022ರ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಸಾರಿ ಹೇಳಿದರು: ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಪಡೆದ ಪದವಿ, ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮ. ಒಂದು ಮಾತು ಒಪ್ಪಬೇಕು. ಕ್ಯಾಂಪಸ್ ಸಂದರ್ಶನ ದೂರಶಿಕ್ಷಣದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಕೆಲವು ಖಾಸಗಿ ಕಂಪನಿಗಳು ಪೂರ್ಣಾವಧಿ ಓದನ್ನೇ ಕೇಳುತ್ತವೆ. ಅದು ಕಂಪನಿಯ ಆಯ್ಕೆ, ಪದವಿಯ ಕೊರತೆಯಲ್ಲ.

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ ಅನ್ನುವುದೂ ನಿಜ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಶುರು ಮಾಡಿದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅದು ಹೊರರಾಜ್ಯಗಳ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸು ನಡೆಸಲು ಹೋಗಿ ಸಿಕ್ಕಿಬಿತ್ತು. 2012-13ರ ನಂತರ ಮಾನ್ಯತೆ ಇಲ್ಲ ಎಂದು 2015ರಲ್ಲಿ ಯುಜಿಸಿ ಪ್ರಕಟಣೆ ಹೊರಡಿಸಿತು. ಸಾವಿರಾರು ಮಕ್ಕಳು ಅತಂತ್ರರಾದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ 2018-19ರಿಂದ ಮಾನ್ಯತೆ ಮರಳಿದೆ. ಈ ಸುದ್ದಿ ಮಾತ್ರ ಮೈಸೂರಿನಿಂದ ಇಪ್ಪತ್ತೈದು ಕಿಲೋಮೀಟರ್ ದೂರದ ನಂಜನಗೂಡಿಗೆ ಇನ್ನೂ ತಲುಪಿದಂತಿಲ್ಲ. ಕೆಟ್ಟ ಸುದ್ದಿಗೆ ಬಸ್ಸೂ ಬೇಡ, ರೈಲೂ ಬೇಡ.

ಇನ್ನೊಂದು ಮಾತಿದೆ: ‘ಮನೇಲಿ ಕೂತು ಓದಿದ್ರೆ ಪ್ರಾಕ್ಟಿಕಲ್ ಎಲ್ಲಿ ಬಂತು?’ ಎಂಬಿಎಗೆ ಪ್ರಾಜೆಕ್ಟ್ ಇರುತ್ತದೆ. ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಕೊಂಡು ಬೈಂಡ್ ಹಾಕಿಸುವವರು ರೆಗ್ಯುಲರ್‌ನಲ್ಲೂ ಧಾರಾಳವಾಗಿದ್ದಾರೆ. ಇಷ್ಟಕ್ಕೂ ಪ್ರಾಕ್ಟಿಕಲ್ಲಿಗೆ ಈ ಸೀಮೆಯಲ್ಲಿ ಬರವೇ? ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಯಾರ ಕಬ್ಬು ಯಾವತ್ತು ಕಡಿಯಬೇಕು, ಒಣಗುವ ಮುಂಚೆ ಗಾಣಕ್ಕೆ ಹೇಗೆ ತಲುಪಿಸಬೇಕು ಅನ್ನುವುದನ್ನು ಲೆಕ್ಕ ಹಾಕಿ ನೋಡಲಿ. ತಿ. ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ನೂಲು ಬಿಚ್ಚುವ ಘಟಕವಿದೆ. ಮೈಸೂರು ರೇಷ್ಮೆ ಸೀರೆಯ ನೂಲು ಅಲ್ಲಿಂದ ಬರುತ್ತದೆ. ಗೂಡಿನ ದರ ದಿನಕ್ಕೊಂದು, ಸೀರೆಯ ಬೆಲೆಯನ್ನು ಹಾಗೆ ದಿನಾ ಬದಲಿಸಲು ಬರುವುದಿಲ್ಲ. ಈ ಎರಡರ ನಡುವೆ ನಷ್ಟವಾಗದಂತೆ ನಡೆಸುವುದು ಹೇಗೆ ಎಂಬುದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೆಂಗಳೂರಿನ ಹವಾನಿಯಂತ್ರಿತ ಕ್ಲಾಸಿನಲ್ಲಿ ಸಿಗುತ್ತದೆಯೇ? ಸ್ಟೋರ್ಸ್‌ನಲ್ಲಿ ಐದು ವರ್ಷ ದುಡಿದವನಿಗೆ ದಾಸ್ತಾನು ನಿರ್ವಹಣೆಯ ಪಾಠ ಓದುವಾಗಲೇ ಕಣ್ಣಿಗೆ ಕಟ್ಟುತ್ತದೆ.

ಬಿ.ಕಾಂ. ಮಾಡಿದವರಿಗೆ ಮಾತ್ರ ಎಂಬಿಎ ಅನ್ನುವುದು ಸುಳ್ಳು, ಬಿ.ಎ. ಆದವರೂ ಸೇರಬಹುದು. ಒಟ್ಟಿಗೆ ಎರಡು ಪದವಿ ಓದಿದರೆ ಎರಡೂ ರದ್ದಾಗುತ್ತವೆ ಅನ್ನುವುದೂ ಹಳೆಯ ಕಥೆ, 2022ರಲ್ಲೇ ಯುಜಿಸಿ ಅನುಮತಿ ಕೊಟ್ಟಿದೆ.

ನನಗೆ ತಲೆಕೆಡುವುದು ಬೇರೆ ಕಾರಣಕ್ಕೆ. ಸರ್ಕಾರಿ ಮುಕ್ತ ವಿವಿಯನ್ನು ನಂಬದ ಇದೇ ಜನ, ‘ಮೂರೇ ತಿಂಗಳಲ್ಲಿ ಎಂಬಿಎ, ಪರೀಕ್ಷೆ ಬರೆಯಬೇಕಿಲ್ಲ, ಬೇಕಾದ ವರ್ಷದ ಸರ್ಟಿಫಿಕೇಟ್’ ಎಂಬ ವಾಟ್ಸಾಪ್ ಪೋಸ್ಟರ್ ನೋಡಿ ಅಡ್ವಾನ್ಸ್ ಕಳಿಸುತ್ತಾರೆ! ಅಪ್ಪ ನಾಟಿಗೆ ಎತ್ತಿಟ್ಟ ದುಡ್ಡು ಹೆಸರೂ ಗೊತ್ತಿಲ್ಲದ ಏಜೆಂಟನ ಖಾತೆಗೆ ಹೋಗುತ್ತದೆ. ಬಾಳೆಗೊನೆ ಕೊಳ್ಳುವಾಗ ನಾಲ್ಕು ಕಡೆ ಮುಟ್ಟಿ ನೋಡುವವರು ಪದವಿ ಕೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ದೂರಶಿಕ್ಷಣ ಅಂದರೂ ಎಂಬಿಎ ಎರಡು ವರ್ಷದ್ದೇ, ಪರೀಕ್ಷೆಯೂ ಇದೆ. ಯಾವ ವಿವಿಗೆ ಯಾವ ಕೋರ್ಸಿಗೆ ಅನುಮತಿ ಇದೆ ಅನ್ನುವ ಪಟ್ಟಿ ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ತಾಣದಲ್ಲಿದೆ, ಮೊಬೈಲಿನಲ್ಲೇ ನೋಡಬಹುದು. 2024ರಿಂದ ಸೇರುವ ವಿದ್ಯಾರ್ಥಿಗೆ ಡಿಇಬಿ ಐಡಿ ಕಡ್ಡಾಯ. ಅಡ್ವಾನ್ಸ್ ಕೇಳಿದವನ ಹತ್ತಿರ ಒಮ್ಮೆ ಆ ಐಡಿಯ ವಿಚಾರ ಎತ್ತಿ. ಆಮೇಲೆ ಅವನು ಫೋನ್ ಎತ್ತುತ್ತಾನೋ ನೋಡಿ.