ಬಯಲಿಗೆ ಎಷ್ಟು ಅಗಲದ ಲೆನ್ಸ್?

ಕುರ್ಡಿಯ ಕಡೆಯ ಎರೆಹೊಲದ ಬದುವಿನ ಮೇಲೆ ನಿಂತವರಿಗೆ ಕಾಣುವುದು ನೆಲಕ್ಕಿಂತ ಆಕಾಶವೇ ಹೆಚ್ಚು. ಕಣ್ಣು ಹಾಯುವವರೆಗೂ ಬಯಲು. ಎಲ್ಲೋ ದೂರದಲ್ಲೊಂದು ಕಲ್ಲುಗುಡ್ಡ. ಇಷ್ಟು ವಿಶಾಲ ನೋಟಕ್ಕೆ ಅಷ್ಟೇ ವಿಶಾಲ ಲೆನ್ಸ್ ಬೇಕೆಂದು ಹವ್ಯಾಸಿ ಛಾಯಾಗ್ರಾಹಕರು ಭಾವಿಸುವುದು ಸಹಜ. ಸಾಲ ಮಾಡಿ 14 ಮಿ.ಮೀ. ಲೆನ್ಸ್ ತಂದು ಚಿತ್ರ ತೆಗೆದರೆ ಆಗುವುದೇನು? ಬಯಲು ಬಂದಿರುತ್ತದೆ, ಗುಡ್ಡ ಮಾಯವಾಗಿರುತ್ತದೆ!

ಕಾರಣ ಹೈಸ್ಕೂಲಿನ ಲೆಕ್ಕದಲ್ಲೇ ಇದೆ. 100 ಮೀಟರ್ ಎತ್ತರದ ಗುಡ್ಡ 2 ಕಿ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಎತ್ತರವು ದೂರದ ಇಪ್ಪತ್ತರಲ್ಲೊಂದು ಪಾಲು. ಕ್ಯಾಮೆರಾದೊಳಗೆ ಮೂಡುವ ಬಿಂಬವೂ ಲೆನ್ಸಿನ ಸಂಗಮದೂರದ ಇಪ್ಪತ್ತರಲ್ಲೊಂದು ಪಾಲೇ. 100 ಮಿ.ಮೀ. ಲೆನ್ಸಿನಲ್ಲಿ ಅದು 5 ಮಿ.ಮೀ.; 20 ಮಿ.ಮೀ. ಲೆನ್ಸಿನಲ್ಲಿ ಬರೀ 1 ಮಿ.ಮೀ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ ಫಿಲ್ಮಿನ ಚೌಕಟ್ಟೂ ಇಷ್ಟೇ ಇತ್ತು. ಆ 24ರಲ್ಲಿ 1 ಮಿ.ಮೀ. ಗುಡ್ಡ ಯಾರ ಕಣ್ಣಿಗೆ ಬಿದ್ದೀತು?

ಹಾಗಾದರೆ ವೈಡ್ ಆಂಗಲ್ ಲೆನ್ಸ್ ಬೇಡವೇ? ಬೇಕು, ಆದರೆ ದೂರದ್ದಕ್ಕಲ್ಲ, ಹತ್ತಿರದ್ದಕ್ಕೆ. ಕಾಲಬುಡದಲ್ಲಿ ಬಾಯಿಬಿಟ್ಟ ಎರೆಮಣ್ಣು, ಒಡೆದ ಹತ್ತಿಕಾಯಿ ಇವನ್ನು ಅದು ದೊಡ್ಡದಾಗಿಸಿ ಬಯಲಿನ ಆಳವನ್ನು ತೋರುತ್ತದೆ. ಹಂಪಿಯ ಮಾತಂಗ ಪರ್ವತ ಈ ಲೆನ್ಸಿಗೆ ಹೇಳಿ ಮಾಡಿಸಿದಂತಿರುವುದೂ ಇದಕ್ಕೇ. ಕೈಗೆಟಕುವ ಬಂಡೆ ಮುಂದೆ, ಅಚ್ಯುತರಾಯ ದೇವಾಲಯ ಕೆಳಗೆ.

ಫುಲ್ ಫ್ರೇಮಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೆ 35 ಮಿ.ಮೀ. ಲೆನ್ಸಿನ ನೋಟ ಸುಮಾರು 63 ಡಿಗ್ರಿ, 24ರದ್ದು 84, 14ರದ್ದು 114. ಅಗಲ ಹೆಚ್ಚಿದಂತೆ ಅಂಚಿನಲ್ಲಿ ನಿಂತ ಮನುಷ್ಯರು ಹಿಗ್ಗುತ್ತಾರೆ. ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ವಾಲುತ್ತದೆ. 14ರ ಹಲವು ಲೆನ್ಸುಗಳ ಮುಂಗಾಜು ಉಬ್ಬಿರುವುದರಿಂದ ಸಾಮಾನ್ಯ ಫಿಲ್ಟರ್ ತಿರುಗಿಸಿ ಕೂರಿಸಲಾಗದು.

ಬಯಲುಸೀಮೆಗೆ 24 ಸಾಕು. ಹಂಪಿಗೂ ಆಗಬೇಕೆಂದರೆ 16-35ರ ಜೂಮ್ ಒಳ್ಳೆಯದು. ಅದರಲ್ಲೂ ಎಫ್/2.8ಕ್ಕಿಂತ ಎಫ್/4ರದ್ದು ಹಗುರ, ಬೆಲೆಯೂ ಕಡಿಮೆ. ಭೂದೃಶ್ಯಕ್ಕೆ ಹೇಗೂ ಎಫ್/8 ಅಥವಾ 11 ಇಡುವುದೇ ರೂಢಿ. ನಕ್ಷತ್ರಗಳ ಚಿತ್ರ ತೆಗೆಯುವವರಿಗಷ್ಟೇ 2.8ರ ಖರ್ಚು ಸಾರ್ಥಕ. 24 ಮಿ.ಮೀ. ಲೆನ್ಸನ್ನು ಎಫ್/11ರಲ್ಲಿಟ್ಟು ಸುಮಾರು ಆರು ಅಡಿಗೆ ಫೋಕಸ್ ಮಾಡಿದರೆ, ಮೂರು ಅಡಿ ಆಚೆಯ ಹತ್ತಿಗಿಡದಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ.

ಕೊಳ್ಳುವ ಮೊದಲು ಒಂದು ಪರೀಕ್ಷೆ. ಕೈಯಲ್ಲಿರುವ ಜೂಮನ್ನು 24ಕ್ಕೆ ತಿರುಗಿಸಿ, ಎರಡು ಹೆಜ್ಜೆ ಮುಂದೆ ಹೋಗಿ, ಮೊಣಕಾಲೂರಿ ನೋಡಿ. ಆಗಲೂ ಚೌಕಟ್ಟು ಸಾಲದಿದ್ದರೆ ದುಡ್ಡಿನ ಗಂಟು ಬಿಚ್ಚಬಹುದು.