ಬಿಸಿನೀರಿನ ಸ್ವಿಚ್ ಮೊಬೈಲಿಗೆ ಬಂದಾಗ

ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್, 1902ರಲ್ಲಿ ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗೆ ಹರಿದು ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. 2001ರಲ್ಲಿ ಗಣಿ ಮುಚ್ಚಿತು. ಆದರೆ ವಿದ್ಯುತ್ ನಮ್ಮ ಬಚ್ಚಲುಮನೆಯವರೆಗೂ ಬಂದು ನಿಂತಿದೆ. ನೀರು ಮತ್ತು ವಿದ್ಯುತ್ ಒಂದೇ ಕೋಣೆಯಲ್ಲಿ ಇರುವಲ್ಲಿ ಮನೆಮಂದಿಗೆ ಸ್ವಲ್ಪ ತಿಳಿವಳಿಕೆ ಅಗತ್ಯ.

ಮಾರಿಕುಪ್ಪಂ, ಬಂಗಾರಪೇಟೆಗಳಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಚಳಿಗಾಲದಲ್ಲಿ ಬಿಸಿನೀರು ಬೇಕೇ ಬೇಕು. ಹಾಸಿಗೆಯಿಂದಲೇ ಮೊಬೈಲ್ ಒತ್ತಿ ಗೀಸರ್ ಹಾಕುವ ಸ್ಮಾರ್ಟ್ ಸ್ವಿಚ್‌ಗಳು ಈಗ ಮಾರುಕಟ್ಟೆಯಲ್ಲಿವೆ. ಬ್ರಿಟನ್ನಿನಂತಹ ಚಳಿ ದೇಶಗಳಲ್ಲಿ ಇದರದೇ ದೊಡ್ಡ ರೂಪವಿದೆ. ಅಲ್ಲಿ ಕೋಣೆಯನ್ನೂ ನಲ್ಲಿಯ ನೀರನ್ನೂ ಒಂದೇ ಗ್ಯಾಸ್ ಬಾಯ್ಲರ್ ಬಿಸಿ ಮಾಡುತ್ತದೆ. ಗೋಡೆಯ ಥರ್ಮೋಸ್ಟಾಟ್ ತಂತಿಯಿಲ್ಲದೆ ಸಂದೇಶ ಕಳಿಸುತ್ತದೆ. ಬಾಯ್ಲರಿಗೆ ಜೋಡಿಸಿದ ರಿಸೀವರ್ ಅದನ್ನು ಪಡೆದು ಬಾಯ್ಲರನ್ನು ಚಾಲೂ ಮಾಡುತ್ತದೆ. ಕೆಲವು ಬಾಯ್ಲರುಗಳ ನಿಯಂತ್ರಣ ತಂತಿಗೆ 230 ವೋಲ್ಟ್ ಬೇಕು. ಕೆಲವಕ್ಕೆ ವೋಲ್ಟೇಜ್ ಕೊಡಲೇಬಾರದು, ಕೊಟ್ಟರೆ ಒಳಗಿನ ಸರ್ಕ್ಯೂಟ್ ಬೋರ್ಡ್ ಸುಡುತ್ತದೆ. ಆದ್ದರಿಂದ ಅಲ್ಲಿರುವ ನಮ್ಮ ಮಕ್ಕಳು ಕೈಪಿಡಿ ನೋಡದೆ, ಅರ್ಹ ಕೆಲಸಗಾರನನ್ನು ಕರೆಯದೆ ಅದಕ್ಕೆ ಕೈ ಹಾಕಬಾರದು.

ಸ್ವಿಚ್ ಬೇರೆ, ಥರ್ಮೋಸ್ಟಾಟ್ ಬೇರೆ

ನಮ್ಮ ಗೀಸರಿನಲ್ಲಿ ಥರ್ಮೋಸ್ಟಾಟ್ ಯಂತ್ರದೊಳಗೇ ಇರುತ್ತದೆ. ನಿಗದಿಪಡಿಸಿದ ಶಾಖ ಬಂದೊಡನೆ ಅದು ಕರೆಂಟ್ ಕಡಿದು, ನೀರು ತಣಿದಾಗ ಮತ್ತೆ ಕೊಡುತ್ತದೆ. ಅದು ಕೆಟ್ಟರೆ ಕರೆಂಟ್ ನಿಲ್ಲಿಸಲು ಥರ್ಮಲ್ ಕಟ್‌ಔಟ್ ಇದೆ. ಒತ್ತಡ ಮಿತಿ ಮೀರಿದರೆ ಹೊರಬಿಡಲು ಸೇಫ್ಟಿ ವಾಲ್ವ್ ಇದೆ. ಮೊಬೈಲ್ ಸ್ವಿಚ್ ಈ ಮೂರರಲ್ಲಿ ಯಾವುದರ ಜಾಗವನ್ನೂ ತುಂಬಲಾರದು. ಅದರೊಳಗಿನ ರಿಲೇ ಕೆಲವೊಮ್ಮೆ ಅಂಟಿಕೊಂಡುಬಿಡುತ್ತದೆ. ಆಗ ಮೊಬೈಲಿನಲ್ಲಿ ‘ಆಫ್’ ಎಂದು ಕಂಡರೂ ಕರೆಂಟ್ ಹರಿಯುತ್ತಲೇ ಇರಬಹುದು.

ಥರ್ಮೋಸ್ಟಾಟ್ ಕೆಟ್ಟಾಗ ಕೆಲವು ಮೆಕ್ಯಾನಿಕರು ಅದನ್ನು ತೆಗೆದು ‘ಡೈರೆಕ್ಟ್’ ಮಾಡಿಕೊಡುತ್ತಾರೆ. ಖರ್ಚು ಉಳಿಯಿತೆಂದು ನಾವು ಸಂತೋಷಪಡುತ್ತೇವೆ. ಹೀಗೆ ಮಾಡಿದ ಗೀಸರನ್ನು ಆರಿಸಲು ಮರೆತರೆ ನೀರು ಕುದಿಯುತ್ತದೆ. ವಾಲ್ವ್ ಕೂಡ ಕಟ್ಟಿಕೊಂಡಿದ್ದರೆ ಟ್ಯಾಂಕ್ ಸಿಡಿಯಬಹುದು. ಕೋಲಾರದ ಕೊಳವೆಬಾವಿಯ ಗಡಸು ನೀರಿನಿಂದ ಹೀಟರಿನ ಮೇಲೂ ವಾಲ್ವಿನಲ್ಲೂ ಬಿಳಿ ಪದರ ಕಟ್ಟುತ್ತದೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಶುಚಿ ಮಾಡಿಸಬೇಕು.

ವೈರಿಂಗ್ ಹೇಗಿರಬೇಕು?

2000 ವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3000 ವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರಿಗೆ ಬಳಸುವ 6 ಆಂಪಿಯರ್ ಸಾಕೆಟ್ ಅಥವಾ ಅಗ್ಗದ ಸ್ಮಾರ್ಟ್ ಪ್ಲಗ್ ಇದನ್ನು ತಾಳುವುದಿಲ್ಲ, ಕರಗುತ್ತದೆ. 16 ಆಂಪಿಯರಿನದೇ ಬೇಕು. ಗೀಸರಿಗೆ ಮೇನ್ ಬೋರ್ಡಿನಿಂದ ಪ್ರತ್ಯೇಕ ತಾಮ್ರದ ತಂತಿ, 2000 ವ್ಯಾಟಿಗೆ ಕನಿಷ್ಠ 2.5 ಚದರ ಮಿಲಿಮೀಟರಿನದು, ಮತ್ತು ಅದರದೇ ಎಂಸಿಬಿ ಇರಲಿ. ಸ್ಮಾರ್ಟ್ ಸ್ವಿಚ್ ಫೇಸ್ ತಂತಿಯನ್ನು ಕಡಿಯಬೇಕು, ನ್ಯೂಟ್ರಲನ್ನಲ್ಲ. ನ್ಯೂಟ್ರಲ್ ಕಡಿದರೆ ಸ್ವಿಚ್ ಆರಿಸಿದ ಮೇಲೂ ಗೀಸರಿನೊಳಗೆ ಕರೆಂಟ್ ಉಳಿದಿರುತ್ತದೆ. ಹಳೆಯ ಮನೆಗಳಲ್ಲಿ ತಂತಿಯ ಬಣ್ಣವನ್ನು ನಂಬದೆ ಟೆಸ್ಟರಿನಿಂದ ನೋಡಿಸಬೇಕು. ಸ್ವಿಚ್ ಬಚ್ಚಲಿನ ಹೊರಗಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ಹಸಿರು ತಂತಿ, ಅಂದರೆ ಅರ್ತಿಂಗ್. ಹೀಟರ್ ಒಡೆದು ನೀರಿಗೆ ಕರೆಂಟ್ ಸೋರಿದರೆ ಅದನ್ನು ಭೂಮಿಗೆ ಒಯ್ಯುವುದು ಇದೇ. ಮಳೆ ಕಡಿಮೆಯಿರುವ ನಮ್ಮ ಜಿಲ್ಲೆಯಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿಬಿಡುತ್ತದೆ. ಒಣಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯದು. ಆಗಾಗ ನೀರು ಹಾಕುತ್ತಿರಬೇಕು. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ, ಕರೆಂಟ್ ಸೋರಿದ ಕ್ಷಣಾರ್ಧದಲ್ಲಿ ಅದು ಸಂಪರ್ಕ ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ‘ಟೆಸ್ಟ್’ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಬದಲಿಸಿ.

ಮನೆಯ ನಿಯಮ

25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಲು ಸುಮಾರು 1.2 ಯೂನಿಟ್ ವಿದ್ಯುತ್ ಸಾಕು. 2000 ವ್ಯಾಟ್ ಗೀಸರಿಗೆ ಅದು 35 ನಿಮಿಷದ ಕೆಲಸ. ಫಜ್ರ್‌ಗೆ ಏಳುವ ಹೊತ್ತಿಗೆ ನೀರು ಸಿದ್ಧವಿರಲೆಂದು ರಾತ್ರಿಯಿಡೀ ಹಾಕಿಡುವುದು ದುಂದುವೆಚ್ಚ. ಇಲ್ಲಿ ಮೊಬೈಲ್ ಸ್ವಿಚ್ಚಿನ ಟೈಮರ್ ನಿಜಕ್ಕೂ ಉಪಯುಕ್ತ. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸುವುದನ್ನು ಮಕ್ಕಳಿಗೆ ಕಲಿಸಿ.

ಸ್ನಾನಕ್ಕೆ ಹೋಗುವವರು ಗೋಡೆಯ ಸ್ವಿಚ್ಚನ್ನೇ ಆರಿಸಿ ಹೋಗಲಿ. ಇಲ್ಲದಿದ್ದರೆ ಅಜ್ಜಿ ಸ್ನಾನಕ್ಕಿರುವಾಗ ಬೆಂಗಳೂರಿನಲ್ಲಿರುವ ಮೊಮ್ಮಗ ಅರಿಯದೆ ಗುಂಡಿ ಒತ್ತಬಹುದು. ರಿಪೇರಿಗೆ ಬಂದವನು ಗೀಸರ್ ಬಿಚ್ಚುವ ಮುನ್ನ ಎಂಸಿಬಿ ಇಳಿಸಿರಲೇಬೇಕು. ಮೊಬೈಲಿನ ‘ಆಫ್’ ಸಾಲದು. ಈ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ. ಮದುವೆ ಮನೆಯ ದೀಪಾಲಂಕಾರಕ್ಕೆ ಸಾವಿರಾರು ರೂಪಾಯಿ ಸುರಿಯುವ ನಾವು, ದಿನವೂ ಮನೆಮಂದಿಯ ಜೀವ ಕಾಯುವ ಒಂದು ಹಸಿರು ತಂತಿಗೆ ಲೆಕ್ಕ ನೋಡಬಾರದು.